ಉಪ್ಪುನೀರಿನ ಅಕ್ವೇರಿಯಂನಲ್ಲಿ ಮೀನುಗಳ ಕಾದಾಟ: ತಡೆಯುವ, ಬಿಡಿಸುವ, ಬೇರೆ ಮಾಡುವ ಕ್ರಮ

ಟ್ಯಾಂಕಿನ ಮೇಲಿನ ಮೂಲೆಯಲ್ಲಿ, ಹೀಟರಿನ ಹಿಂದೆ, ಬಾಲ ಹರಿದ ಮೀನೊಂದು ಮೂತಿಯನ್ನು ನೀರಿನ ಮೇಲ್ಮೈಗೆ ತಾಗಿಸಿಕೊಂಡು ನಿಂತಿದ್ದರೆ, ಕಾಯಿಲೆ ಬಂತು ಎಂದು ಔಷಧ ಹುಡುಕಲು ಹೊರಡುವವರೇ ಹೆಚ್ಚು. ಬಹಳ ಸಲ ಅದಕ್ಕೆ ಬೇಕಿರುವುದು ಔಷಧವಲ್ಲ, ಜಾಗ. ಹವಳದ ದಿಬ್ಬದಲ್ಲಿ ಒಂದು ಮೀನು ಇನ್ನೊಂದನ್ನು ಅಟ್ಟಿದರೆ ಆ ಜಗಳ ಕೆಲವೇ ಸೆಕೆಂಡಿನದು. ಸೋತದ್ದು ದೂರ ಹೋಗಿಬಿಡುತ್ತದೆ, ಗೆದ್ದದ್ದು ತನ್ನ ಸಂದಿಗೆ ಮರಳುತ್ತದೆ. 120 ಸೆಂ.ಮೀ. ಉದ್ದದ ಟ್ಯಾಂಕಿನಲ್ಲಿ ಅದೇ ಓಟ ಗಾಜಿಗೆ ಬಡಿದು ನಿಲ್ಲುತ್ತದೆ. ಸೋತ ಮೀನು ಶರಣಾಗಿದೆ, ಆದರೆ ಕಣ್ಣೆದುರಿನಿಂದ ಹೋಗಿಲ್ಲ. ಗೆದ್ದ ಮೀನಿನ ಲೆಕ್ಕದಲ್ಲಿ ಕಣ್ಣೆದುರು ಉಳಿದದ್ದು ಇನ್ನೂ ಸವಾಲು ಹಾಕುತ್ತಿದೆ.

ಕೆಳಗೆ ಹೇಳಿರುವ ಕ್ರಮಗಳೆಲ್ಲ ಮಾಡುವುದು ಎರಡೇ ಕೆಲಸ: ಸೋತ ಮೀನಿಗೆ ಕಣ್ಮರೆಯಾಗಲು ದಾರಿ ಕೊಡುವುದು, ಇಡೀ ಟ್ಯಾಂಕ್ ತನ್ನದೇ ಎಂಬ ಧೋರಣೆ ಯಾವ ಮೀನಿನಲ್ಲೂ ಬಲಿಯದಂತೆ ನೋಡಿಕೊಳ್ಳುವುದು.

ಮೊದಲು ಪತ್ತೆ: ಯಾರು, ಯಾರನ್ನು, ಯಾವಾಗ

ಗಾಜಿಗೆ ಮುಖ ಹಚ್ಚಿ ನೋಡಿದರೆ ಮೀನುಗಳು ಜಗಳ ಬಿಟ್ಟು ಊಟಕ್ಕೆ ಬಂದು ನಿಲ್ಲುತ್ತವೆ. ಆದ್ದರಿಂದ ಎರಡು ಮೀಟರ್ ದೂರದಲ್ಲಿ 20 ನಿಮಿಷ ಅಲುಗಾಡದೆ ಕುಳಿತು ನೋಡಿ. ಅದಕ್ಕಿಂತ ಒಳ್ಳೆಯದು, ಮೊಬೈಲನ್ನು ಟ್ಯಾಂಕಿನ ಎದುರು ನಿಲ್ಲಿಸಿ ಅರ್ಧ ಗಂಟೆ ವಿಡಿಯೊ ಇಟ್ಟು ಕೋಣೆಯಿಂದ ಹೊರಗೆ ಹೋಗುವುದು. ದೀಪ ಹತ್ತಿದ ಮೊದಲ ಅರ್ಧ ಗಂಟೆ, ಆಹಾರ ಹಾಕುವ ಹೊತ್ತು, ದೀಪ ಆರುವ ಮುಂಚಿನ ಅರ್ಧ ಗಂಟೆ, ಈ ಮೂರೂ ಬೇರೆ ಬೇರೆ ಸಂಗತಿ ಹೇಳುತ್ತವೆ. ಬೆಳಿಗ್ಗೆ ನಡೆಯುವುದು ಹೆಚ್ಚಾಗಿ ಗಡಿಯ ಜಗಳ, ಸಂಜೆಯದ್ದು ಮಲಗುವ ಸಂದಿಗಾಗಿ.

ಎಲ್ಲ ಅಟ್ಟಾಟವೂ ಅಪಾಯವಲ್ಲ. ರೆಕ್ಕೆ ನಿಗುರಿಸಿ ಪಕ್ಕಕ್ಕೆ ಪಕ್ಕ ನಿಲ್ಲುವುದು, ಒಂದಡಿ ದೂರ ಅಟ್ಟಿ ವಾಪಸಾಗುವುದು, ಇವು ಮೀನುಗಳ ಮಾತುಕತೆ. ಕ್ಲೌನ್ ಮೀನು ಇನ್ನೊಂದರ ಎದುರು ಮೈ ಓರೆ ಮಾಡಿ ಗಡಗಡ ನಡುಗಿದರೆ ಅದು ಮೂರ್ಛೆ ರೋಗವಲ್ಲ, ‘ನೀನೇ ದೊಡ್ಡವಳು’ ಎಂದು ಒಪ್ಪಿಕೊಳ್ಳುವ ರೀತಿ. ಹೀಗೆ ನಡುಗುವ ಜೋಡಿ ಸಾಮಾನ್ಯವಾಗಿ ಚೆನ್ನಾಗಿ ಬಾಳುತ್ತದೆ.

ಅಪಾಯದ ಗುರುತುಗಳು ಬೇರೆ. ಅಟ್ಟಾಟ ಟ್ಯಾಂಕಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೋಗುತ್ತದೆ, ಸೋತದ್ದು ಮರೆಯಾದ ಮೇಲೂ ಗೆದ್ದದ್ದು ಸಂದಿಯ ಬಾಯಲ್ಲಿ ಕಾವಲು ನಿಲ್ಲುತ್ತದೆ. ಸೋತ ಮೀನು ಆಹಾರಕ್ಕೆ ಬರುವುದಿಲ್ಲ. ಈಜುರೆಕ್ಕೆಯ ಅಂಚಿನಲ್ಲಿ ಅರ್ಧಚಂದ್ರದಂತೆ ಕಚ್ಚಿದ ಗುರುತು, ಹುರುಪೆ ಎದ್ದ ಕಲೆ ಕಾಣುತ್ತವೆ. ಪಕ್ಕೆಯ ಮೇಲೆ ಬ್ಲೇಡಿನಲ್ಲಿ ಗೀರಿದಂತೆ ನೇರ ಗಾಯವಿದ್ದರೆ ಹೊಡೆದದ್ದು ಟ್ಯಾಂಗ್; ಆ ಕುಲದ ಮೀನುಗಳ ಬಾಲದ ಬುಡದಲ್ಲಿ ಎರಡೂ ಪಕ್ಕ ಚೂರಿಯಂಥ ಮುಳ್ಳಿರುತ್ತದೆ. ಅಂಚು ಬೆಳ್ಳಗಾಗಿ, ನೂಲು ನೂಲಾಗಿ ಕರಗುತ್ತಿದ್ದರೆ ಮಾತ್ರ ರೆಕ್ಕೆ ಕೊಳೆಯುವ ರೋಗವೆಂದು ಅನುಮಾನಿಸಬಹುದು.

ಇನ್ನೊಂದು ಸುಲಭದ ಪರೀಕ್ಷೆ ಉಸಿರಾಟದ್ದು. ಎಲ್ಲ ಮೀನುಗಳ ಕಿವಿರೂ ವೇಗವಾಗಿ ಬಡಿಯುತ್ತಿದ್ದರೆ ತಪ್ಪು ನೀರಿನಲ್ಲಿದೆ: ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು, ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು, ಉಷ್ಣತೆ 25ರಿಂದ 26 ಡಿಗ್ರಿ ಸೆಲ್ಸಿಯಸ್. ಒಂದೇ ಮೀನು ಏದುಸಿರು ಬಿಡುತ್ತಿದ್ದರೆ ಅದನ್ನು ಯಾರೋ ಓಡಿಸುತ್ತಿರಬಹುದು, ಅಥವಾ ಅದಕ್ಕೇ ಕಾಯಿಲೆ ಇರಬಹುದು. ಎರಡರಲ್ಲಿ ಯಾವುದೆಂದು ವಿಡಿಯೊ ಹೇಳುತ್ತದೆ. ವಿಡಿಯೊ ನೋಡದೆ ತೀರ್ಪು ಕೊಡಬೇಡಿ. ಗಾತ್ರ ನೋಡಿ ಟ್ಯಾಂಗನ್ನು ಹೊರಗೆ ತೆಗೆಯುತ್ತಾರೆ, ನಿಜವಾಗಿ ಕಚ್ಚುತ್ತಿದ್ದದ್ದು ಬೆರಳುದ್ದದ ಆರುಗೆರೆಯ ರ‍್ಯಾಸ್ ಆಗಿರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಜಗಳ ಯಾವುದಕ್ಕೆ?

ಕಾರಣ ಬೇರೆಯಾದರೆ ಪರಿಹಾರವೂ ಬೇರೆ. ನಾಲ್ಕು ಕಾರಣಗಳನ್ನು ಗುರುತಿಸಿಕೊಂಡರೆ ಸಾಕು.

ಎಲ್ಲಕ್ಕಿಂತ ದೊಡ್ಡದು ಹೋಲಿಕೆ. ಒಂದೇ ಜಾತಿ, ಒಂದೇ ಆಕಾರ, ಒಂದೇ ಬಣ್ಣ, ಒಂದೇ ಆಹಾರ. ಇದರಲ್ಲಿ ಎಷ್ಟು ಅಂಶ ಹೊಂದುತ್ತವೆಯೋ ಅಷ್ಟು ಜಗಳ. ದಿಬ್ಬದ ಮೀನುಗಳ ಢಾಳು ಬಣ್ಣಕ್ಕೂ ಸ್ವಜಾತಿಯ ಮೇಲೆ ಅವು ಏರಿಹೋಗುವುದಕ್ಕೂ ನಂಟಿದೆ ಎಂದು 1973ರಲ್ಲಿ ನೊಬೆಲ್ ಪಡೆದ ಪ್ರಾಣಿವರ್ತನೆ ವಿಜ್ಞಾನಿ ಕೊನ್ರಾಡ್ ಲೊರೆನ್ಜ್ ವಾದಿಸಿದ್ದರು. ಬಣ್ಣದ ಆ ವಿವರಣೆ ಎಲ್ಲ ಮೀನುಗಳಿಗೂ ಒಪ್ಪದು, ಆದರೆ ‘ನನ್ನಂತೆ ಕಾಣುವವನೇ ನನ್ನ ಶತ್ರು’ ಎಂಬುದು ಟ್ಯಾಂಕಿನಲ್ಲಿ ದಿನಾ ಕಾಣುವ ಸತ್ಯ. ರಾಯಲ್ ಗ್ರಾಮಾ ಅಟ್ಲಾಂಟಿಕ್ ಕಡೆಯ ಸಾಧು ಮೀನು, ರಾಯಲ್ ಡಾಟಿಬ್ಯಾಕ್ ಪೆಸಿಫಿಕ್ ಕಡೆಯ ಜಗಳಗಂಟ. ಸಮುದ್ರದಲ್ಲಿ ಇವೆರಡೂ ಭೇಟಿಯಾಗುವುದೇ ಇಲ್ಲ. ಆದರೆ ಎರಡರ ಮುಂಭಾಗ ನೇರಳೆ, ಹಿಂಭಾಗ ಹಳದಿ. ಒಂದೇ ಟ್ಯಾಂಕಿಗೆ ಬಿಟ್ಟರೆ ಗ್ರಾಮಾದ ಕಥೆ ಮುಗಿಯಿತು.

ಎರಡನೆಯದು ಜಾಗ. ಡ್ಯಾಮ್ಸೆಲ್, ಡಾಟಿಬ್ಯಾಕ್, ಅನಿಮೊನಿ (ಹೂವಿನಂತೆ ಕಾಣುವ ಕಡಲಜೀವಿ) ಹಿಡಿದ ಕ್ಲೌನ್ ಇವೆಲ್ಲ ಒಂದು ಬಿಂದುವನ್ನು ಕಾಯುತ್ತವೆ. ಕೆಲವು ಡ್ಯಾಮ್ಸೆಲ್‌ಗಳಂತೂ ಕಡಲಿನಲ್ಲಿ ಪಾಚಿಯ ತೋಟವನ್ನೇ ಮಾಡಿ, ತಮಗಿಂತ ಹತ್ತುಪಟ್ಟು ದೊಡ್ಡ ಮೀನು ಬಂದರೂ ಕಚ್ಚಿ ಓಡಿಸುತ್ತವೆ. ಇಂಥ ಜಗಳ ಆ ಬಿಂದುವಿನಿಂದ ದೂರ ಹೋದಂತೆ ತಣ್ಣಗಾಗುತ್ತದೆ, ಆದ್ದರಿಂದ ಕಲ್ಲಿನ ಜೋಡಣೆ ಬದಲಿಸಿದರೆ ಪರಿಹಾರ ಸಿಗುತ್ತದೆ.

ಮೂರನೆಯದು ಆಹಾರ. ಟ್ಯಾಂಗ್‌ಗಳು ದಿನವಿಡೀ ಮೇಯುವ ಮೀನು. ದಿನಕ್ಕೊಮ್ಮೆ ಆಹಾರ ಹಾಕುವ ಟ್ಯಾಂಕಿನಲ್ಲಿ ಅದಕ್ಕೆ ಇನ್ನೊಂದು ಟ್ಯಾಂಗ್ ಕಂಡರೆ ತಟ್ಟೆಗೆ ಕೈ ಹಾಕಿದವನಂತೆ ಕಾಣುತ್ತದೆ. ನಾಲ್ಕನೆಯದು ಜೋಡಿ: ಬಂಗಾಯ್ ಕಾರ್ಡಿನಲ್ ಮರಿಗಳು ಗುಂಪಾಗಿ ಇರುತ್ತವೆ, ಬೆಳೆದು ಜೋಡಿ ಕಟ್ಟಿದ ದಿನದಿಂದ ಉಳಿದವನ್ನು ಒಂದೊಂದಾಗಿ ಕೊಲ್ಲುತ್ತವೆ. ಇದಕ್ಕೆ ಕಲ್ಲು ಬದಲಿಸಿ, ಆಹಾರ ಹೆಚ್ಚಿಸಿ ಪ್ರಯೋಜನವಿಲ್ಲ. ಜೋಡಿಯನ್ನು ಉಳಿಸಿ ಉಳಿದವನ್ನು ತೆಗೆಯಬೇಕು.

ಯಾವುದನ್ನು ಮೊದಲು ಬಿಡಬೇಕು

ಮೊದಲು ಬಂದವರದೇ ಮನೆ, ಇದು ಟ್ಯಾಂಕಿನ ಕಾನೂನು. ಆದ್ದರಿಂದ ಪುಕ್ಕಲು ಮೀನು ಮೊದಲು, ಪುಂಡ ಮೀನು ಕೊನೆಗೆ. ಫೈರ್‌ಫಿಶ್, ಕಾರ್ಡಿನಲ್, ಗೋಬಿ, ಬ್ಲೆನ್ನಿ, ರಾಯಲ್ ಗ್ರಾಮಾ ಮೊದಲ ಸಾಲಿನವು. ಅವು ಸಂದಿ ಹಿಡಿದು, ಕೈ ಕಂಡ ಕೂಡಲೇ ಆಹಾರಕ್ಕೆ ಬರಲು ಶುರು ಮಾಡಿದ ಮೇಲೆ ಕ್ಲೌನ್ ಜೋಡಿ, ಫೇರಿ ರ‍್ಯಾಸ್, ಆಂಥಿಯಾಸ್. ಆಮೇಲೆ ಕುಬ್ಜ ಏಂಜಲ್, ಒಂದು ಟ್ಯಾಂಕಿಗೆ ಒಂದೇ. ಅನಂತರ ಟ್ಯಾಂಗ್‌ಗಳು. ಡಾಟಿಬ್ಯಾಕ್, ಆರುಗೆರೆಯ ರ‍್ಯಾಸ್, ಡ್ಯಾಮ್ಸೆಲ್ ಬೇಕೇ ಬೇಕೆಂದರೆ ಕಟ್ಟಕಡೆಗೆ. ಒಂದು ಸೇರ್ಪಡೆಗೂ ಇನ್ನೊಂದಕ್ಕೂ ಎರಡು–ಮೂರು ವಾರ ಬಿಡಿ. ಹೊಸ ಮೀನಿನ ತ್ಯಾಜ್ಯಕ್ಕೆ ಫಿಲ್ಟರಿನ ಬ್ಯಾಕ್ಟೀರಿಯಾ ಹೊಂದಿಕೊಳ್ಳಲೂ ಅಷ್ಟು ಸಮಯ ಬೇಕು.

ಈ ಕ್ರಮಕ್ಕೆ ಒಂದು ಅಪವಾದ ಟ್ಯಾಂಗ್. ಎರಡು ಮೂರು ಟ್ಯಾಂಗ್ ಇಡುವ ಇರಾದೆ ಇದ್ದರೆ ಎಲ್ಲವನ್ನೂ ಒಂದೇ ದಿನ, ಬೇರೆ ಬೇರೆ ಆಕಾರದವನ್ನು ಆರಿಸಿ ಬಿಡಿ: ಎತ್ತರದ ದೇಹದ ಹಳದಿ ಟ್ಯಾಂಗ್, ಉದ್ದ ದೇಹದ ನೀಲಿ ಹಿಪ್ಪೊ ಟ್ಯಾಂಗ್, ಬಿರುಗೂದಲಿನಂಥ ಹಲ್ಲಿನ ಕೋಲೆ ಟ್ಯಾಂಗ್ ಹೀಗೆ. ಮೂರಕ್ಕೂ 180 ಸೆಂ.ಮೀ. ಉದ್ದ ಬೇಕು. ಲೀಟರಿಗಿಂತ ಉದ್ದ ಮುಖ್ಯ. ಎತ್ತರದ, ಗಿಡ್ಡ ಟ್ಯಾಂಕ್ ಎಷ್ಟು ಲೀಟರ್ ಹಿಡಿದರೂ ಓಡಿಹೋಗಲು ದಾರಿ ಇಲ್ಲದ ಟ್ಯಾಂಕೇ. ಒಂದೇ ಹಳದಿ ಟ್ಯಾಂಗಿಗೂ 120 ಸೆಂ.ಮೀ.ಗಿಂತ ಕಡಿಮೆ ಬೇಡ. ಸೋಹಲ್ ಟ್ಯಾಂಗ್ 40 ಸೆಂ.ಮೀ.ವರೆಗೆ ಬೆಳೆಯುತ್ತದೆ, ಬೆಳೆದಂತೆ ಆನೆ ನಡೆದದ್ದೇ ದಾರಿ ಎನ್ನುವ ಸ್ವಭಾವ. ಅಂಗಡಿಯಲ್ಲಿ ಬೊಗಸೆಯಲ್ಲಿ ಹಿಡಿಯುವಷ್ಟಿದ್ದರೂ ಮನೆಯ ಸಾಧಾರಣ ಟ್ಯಾಂಕಿಗೆ ಅದು ಮೀನೇ ಅಲ್ಲ.

ಹೊಸಬರು ಮಾಡುವ ಹಳೆಯ ತಪ್ಪೊಂದಿದೆ. ‘ಗಟ್ಟಿ ಮೀನು, ಸಾಯುವುದಿಲ್ಲ’ ಎಂದು ಹೊಸ ಟ್ಯಾಂಕನ್ನು ಹದಕ್ಕೆ ತರಲು, ಅಂದರೆ ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ನೆಲೆಗೊಳಿಸಲು, ಮೂರು ಡ್ಯಾಮ್ಸೆಲ್ ಬಿಡುತ್ತಾರೆ. ಕೆಟ್ಟ ನೀರಿಗೆ ಸಾಯುವುದಿಲ್ಲ, ನಿಜ. ಆರು ವಾರದ ಹೊತ್ತಿಗೆ ಮೂರರಲ್ಲಿ ಒಂದು ಉಳಿದು ಇಡೀ ಟ್ಯಾಂಕಿನ ಯಜಮಾನ ಆಗಿರುತ್ತದೆ. ಆಮೇಲೆ ಬಿಟ್ಟ ಪ್ರತಿ ಮೀನಿಗೂ ಅದರ ಹೊಡೆತವೇ ಸ್ವಾಗತ. ಟ್ಯಾಂಕನ್ನು ಮೀನಿಲ್ಲದೆ, ಅಮೋನಿಯಂ ಕ್ಲೋರೈಡ್ ದ್ರಾವಣ ಹಾಕಿ ಅಮೋನಿಯಾ 2 ಪಿಪಿಎಂಗೆ (ಲೀಟರಿಗೆ ಸುಮಾರು 2 ಮಿ.ಗ್ರಾಂ.) ಏರಿಸಿ, ಅದು 24 ಗಂಟೆಯಲ್ಲಿ ಸೊನ್ನೆಗೆ ಇಳಿಯುವ ತನಕ ಕಾದು ಹದಗೊಳಿಸಿ. ಡ್ಯಾಮ್ಸೆಲ್‌ನ ನೀಲಿ ಬಣ್ಣ ಇಷ್ಟವಿದ್ದರೆ ಹಳದಿ ಬಾಲದ ಡ್ಯಾಮ್ಸೆಲ್ ಆ ಕುಲದಲ್ಲಿ ಸ್ವಲ್ಪ ಸೌಮ್ಯ. ಡಾಟಿಬ್ಯಾಕ್‌ಗಳಲ್ಲಿ ಕೆಂಪು ಸಮುದ್ರದ ಆರ್ಕಿಡ್ ಡಾಟಿಬ್ಯಾಕ್ ಹಾಗೆಯೇ.

ಜೋಡಿ, ಗುಂಪುಗಳ ಲೆಕ್ಕ ಜಾತಿಗೊಂದು. ಕ್ಲೌನ್ ಮೀನುಗಳೆಲ್ಲ ಗಂಡಾಗಿ ಬೆಳೆದು, ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಆದ್ದರಿಂದ ಒಂದಕ್ಕಿಂತ ಒಂದು ಕಾಲು ಭಾಗ ದೊಡ್ಡದಿರುವ ಎರಡು ಮರಿಗಳನ್ನು ಒಟ್ಟಿಗೆ ತನ್ನಿ. ಚಿಕ್ಕದು ಗಂಡಾಗಿಯೇ ಉಳಿಯುತ್ತದೆ. ಬೆಳೆದ ಎರಡು ಹೆಣ್ಣುಗಳನ್ನು ಸೇರಿಸಿದರೆ ಸಾವು ಖಚಿತ, ಒಂದಾದ ಜೋಡಿಗೆ ಮೂರನೆಯದನ್ನು ಸೇರಿಸಿದರೂ ಅಷ್ಟೇ. ಆಂಥಿಯಾಸ್ ಇದಕ್ಕೆ ತಿರುಗಾಮುರುಗ: ಹೆಣ್ಣುಗಳಲ್ಲಿ ಬಲಿಷ್ಠವಾದದ್ದು ಗಂಡಾಗುತ್ತದೆ. ಒಂದು ಗಂಡು, ನಾಲ್ಕೈದು ಹೆಣ್ಣು ಇರಲಿ. ಎರಡೇ ಹೆಣ್ಣಿದ್ದರೆ ಗಂಡಿನ ಕಾಟವೆಲ್ಲ ಅವೆರಡರ ಮೇಲೆ ಬೀಳುತ್ತದೆ. ಹಸಿರು ಕ್ರೋಮಿಸ್ ಏಳು ತಂದರೆ ವರ್ಷದಲ್ಲಿ ಎರಡು ಉಳಿಯುವುದು ಸಾಮಾನ್ಯ. ಮೇಲಿನದು ಕೆಳಗಿನದನ್ನು ಸರದಿಯಂತೆ ಮುಗಿಸುತ್ತದೆ. ಸತ್ತ ಕ್ರೋಮಿಸ್‌ನ ಪಕ್ಕೆಯಲ್ಲಿ ಕೆಂಪು ಹುಣ್ಣಿದ್ದರೆ ಮಾತ್ರ ಅದು ಜಗಳವಲ್ಲ, ಯೂರೊನಿಮಾ ಎಂಬ ಪರಾವಲಂಬಿ ಇರಬಹುದು.

ಕಲ್ಲು ಜೋಡಿಸುವ ಬಗೆ

ಹಿಂಬದಿಯ ಗಾಜಿಗೆ ಒರಗಿಸಿ ಒಂದೇ ಗೋಡೆ ಕಟ್ಟಿದರೆ ಇಡೀ ಗೋಡೆಗೆ ಒಬ್ಬನೇ ಒಡೆಯ. ಕಲ್ಲನ್ನು ಎರಡು ಮೂರು ಗುಡ್ಡೆಗಳಾಗಿ ಒಡೆಯಿರಿ, ಗುಡ್ಡೆಗಳ ನಡುವೆ ಬರೀ ಮರಳು ಇರಲಿ, ಸುತ್ತ ಗಾಜಿನಿಂದ 10 ಸೆಂ.ಮೀ. ಅಂತರ ಇರಲಿ. ಆಮೇಲೆ ಟ್ಯಾಂಕಿನ ಎಡತುದಿಯ ಗಾಜಿನಿಂದ ಬಗ್ಗಿ ಬಲತುದಿಗೆ ನೋಡಿ. ಆಚೆಯ ಗಾಜು ಪೂರ್ತಿ ಕಂಡರೆ ಮೀನಿಗೂ ಕಾಣುತ್ತದೆ. ಅಲ್ಲೊಂದು ಅಡ್ಡಗಲ್ಲು ಬೇಕು.

ಪ್ರತಿ ಪೊಟರೆಗೂ ಎರಡು ಬಾಯಿ ಇರಬೇಕು. ಒಂದೇ ಬಾಯಿಯ ಪೊಟರೆ ಆಶ್ರಯದಂತೆ ಕಂಡರೂ ಅದು ಬೋನು, ಬೆನ್ನಟ್ಟಿ ಬಂದದ್ದು ಬಾಯಲ್ಲಿ ನಿಂತರೆ ಒಳಗಿನದಕ್ಕೆ ಬಿಡುಗಡೆಯಿಲ್ಲ. ಪೊಟರೆಗಳ ಗಾತ್ರವೂ ಬೇರೆ ಬೇರೆ ಇರಲಿ, ದೊಡ್ಡ ಮೀನು ನುಗ್ಗಲಾಗದ ಎರಡು ಬೆರಳಗಲದ ಸಂದುಗಳು ಗೋಬಿ, ಫೈರ್‌ಫಿಶ್‌ಗಳಿಗೆ ಬೇಕು. ಸಂದಿಗಳ ಸಂಖ್ಯೆ ಮೀನಿನ ಸಂಖ್ಯೆಗಿಂತ ಹೆಚ್ಚಿರಲಿ. ಕಲ್ಲುಗಳನ್ನು ಮರಳಿನ ಮೇಲಲ್ಲ, ತಳದ ಗಾಜಿನ ಮೇಲೆ ಊರಿ, ಜಲನಿರೋಧಕ ಅಂಟಿನಿಂದ ಬೆಸೆಯಿರಿ. ಮರಳು ತೋಡುವ ಮೀನು ಬುಡ ಕೊರೆದರೆ ಗುಡ್ಡೆ ಕುಸಿಯುತ್ತದೆ.

ಹವಳ ಬೆಳೆದ ಟ್ಯಾಂಕಿನಲ್ಲಿ ಕಲ್ಲು ಕದಲಿಸುವಾಗ ಕೈಗವಸು, ಕನ್ನಡಕ ಹಾಕಿಕೊಳ್ಳಿ. ಪ್ಯಾಲಿಥೋವಾ, ಝೋವಾಂಥಿಡ್ ಜಾತಿಯ ಕೆಲವು ಹವಳಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಉಗ್ರ ವಿಷವಿರುತ್ತದೆ. ಅವು ಅಂಟಿದ ಕಲ್ಲನ್ನು ಗಾಳಿಯಲ್ಲಿ ಉಜ್ಜುವುದು, ಕುದಿಸುವುದು ಯಾವತ್ತೂ ಬೇಡ.

ಹೊಸ ಮೀನನ್ನು ಸೇರಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವ ಭಾಗ ಇದು, ಹೆಚ್ಚು ಅವಸರ ನಡೆಯುವುದೂ ಇಲ್ಲೇ. ಹೊಸ ಮೀನನ್ನು ಚೀಲದಿಂದ ನೇರ ಟ್ಯಾಂಕಿಗೆ ಬಿಡುವುದನ್ನು ಮರೆತುಬಿಡಿ. ಬೇರೆ ಕ್ವಾರಂಟೈನ್ ಟ್ಯಾಂಕಿನಲ್ಲಿ ಕನಿಷ್ಠ ನಾಲ್ಕು ವಾರ ಇಟ್ಟು, ಬಿಳಿಚುಕ್ಕೆಯಂಥ ರೋಗವಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೈಸಿಸ್ ಸೀಗಡಿಯನ್ನು ಕೈ ಕಂಡ ಕೂಡಲೇ ತಿನ್ನುವಷ್ಟು ಗಟ್ಟಿ ಮಾಡಿ. ಬೆನ್ನು ಬತ್ತಿದ, ಹೊಟ್ಟೆ ಒಳಸೇರಿದ ಮೀನು ಎಲ್ಲರ ಹೊಡೆತಕ್ಕೂ ಮೊದಲ ಗುರಿ.

ಬೇಕಾದ ಸಾಮಾನು ಒಂದೇ: ತೂತುಗಳಿರುವ ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆ. 8–10 ಸೆಂ.ಮೀ. ಮೀನಿಗೆ ಸುಮಾರು 30 × 15 × 15 ಸೆಂ.ಮೀ. ಸಾಕು. ತೂತು 5–6 ಮಿ.ಮೀ. ಇರಲಿ, ನೀರು ಆಡಬೇಕು, ಮೂತಿ ಸಿಕ್ಕಿಕೊಳ್ಳಬಾರದು. ಮುಚ್ಚಳ ಕಡ್ಡಾಯ. ಹೆದರಿದ ಮೀನು ಹಾರುತ್ತದೆ, ಹಾರಿದ್ದು ನೇರ ಪುಂಡನ ಬಾಯಿಗೆ ಬೀಳುತ್ತದೆ. ಒಳಗೆ ಬೆರಳಷ್ಟು ಅಗಲವಲ್ಲ, ಮೀನು ಪೂರ್ತಿ ಹೊಕ್ಕುವಷ್ಟು ಅಗಲದ ಪಿವಿಸಿ ಕೊಳವೆಯ ತುಂಡೊಂದನ್ನು ಇಡಿ.

ಪೆಟ್ಟಿಗೆಯನ್ನು ಎಲ್ಲಿ ತೂಗುಹಾಕಬೇಕು ಎಂಬಲ್ಲಿ ಹಲವರು ಎಡವುತ್ತಾರೆ. ಹೊಸದಕ್ಕೆ ನೆಮ್ಮದಿ ಸಿಗಲಿ ಎಂದು ಪುಂಡನಿಂದ ದೂರದ ಮೂಲೆಯಲ್ಲಿ ಇಡುತ್ತಾರೆ; ಬಿಟ್ಟ ದಿನ ಎರಡೂ ಅಪರಿಚಿತವಾಗಿಯೇ ಇರುತ್ತವೆ. ಪುಂಡ ಓಡಾಡುವ ದಾರಿಯಲ್ಲೇ, ನೀರಿನ ಹರಿವು ತಟ್ಟುವಲ್ಲಿ ಇಡಿ. ತಮಗೆ ಗೊತ್ತಿರುವ ನೆರೆಯವನಿಗಿಂತ ಅಪರಿಚಿತನ ಮೇಲೆ ಪ್ರಾಣಿಗಳು ಹೆಚ್ಚು ಎಗರುತ್ತವೆ. ಪೆಟ್ಟಿಗೆಯ ಕೆಲಸ ಹೊಸಬನನ್ನು ಹಳೆಯ ನೆರೆಯವನನ್ನಾಗಿ ಮಾಡುವುದು, ಅದೂ ಏಟು ತಾಗದ ಹಾಗೆ.

ಮೊದಲ ದಿನ ಪುಂಡ ಪೆಟ್ಟಿಗೆಯ ಗೋಡೆಗೆ ಪಕ್ಕೆ ಹೊಡೆಯುತ್ತದೆ, ರೆಕ್ಕೆ ನಿಗುರಿಸಿ ಪಹರೆ ತಿರುಗುತ್ತದೆ, ಟ್ಯಾಂಗ್ ಆದರೆ ಬಾಲ ತಿರುಗಿಸಿ ಚೂರಿ ತೋರಿಸುತ್ತದೆ. ಕಾಲೇ ಇಲ್ಲದಿದ್ದರೂ ಕಾಲು ಕೆರೆದು ಜಗಳಕ್ಕೆ ಬರುವುದು ಎಂದರೆ ಇದೇ. ಹೆದರಬೇಡಿ. ಊಟದ ಹೊತ್ತಿಗೆ ಮೊದಲು ಪೆಟ್ಟಿಗೆಯೊಳಗೆ, ತಕ್ಷಣ ಪೆಟ್ಟಿಗೆಯ ಹೊರಗೆ ಆಹಾರ ಹಾಕಿ. ಎರಡೂ ಒಂದು ಬೆರಳು ಅಂತರದಲ್ಲಿ ತಿನ್ನುವುದನ್ನು ಕಲಿಯಬೇಕು. ಎರಡನೆಯ, ಮೂರನೆಯ ದಿನಕ್ಕೆ ಹೊಡೆತಗಳ ನಡುವಿನ ಬಿಡುವು ಉದ್ದವಾಗುತ್ತದೆ, ಪುಂಡ ಪೆಟ್ಟಿಗೆಯನ್ನು ದಾಟಿ ಹೋಗುವಾಗ ರೆಕ್ಕೆ ಮಡಚಿಯೇ ಇರುತ್ತದೆ. ದಿನ ಎಣಿಸಿ ಬಾಗಿಲು ತೆಗೆಯಬೇಡಿ. ಲೆಕ್ಕ ಹೀಗಿರಲಿ: ಸತತ ಎರಡು ದಿನ, ಬೆಳಿಗ್ಗೆ ದೀಪ ಹತ್ತಿದಾಗಲೂ ಊಟದಲ್ಲೂ ಒಂದೇ ಒಂದು ಹೊಡೆತ ಇರಬಾರದು. ಸಾಧು ಮೀನುಗಳ ನಡುವೆ ಮೂರು ದಿನ, ಸಾಮಾನ್ಯವಾಗಿ ಐದರಿಂದ ಏಳು, ಟ್ಯಾಂಗ್‌ಗಳಿಗೆ ಹತ್ತರಿಂದ ಹದಿನಾಲ್ಕು ದಿನ ಹಿಡಿಯುತ್ತದೆ.

ಬಿಡುವ ದಿನದ ಕ್ರಮ:

1. ಸಂಜೆ, ದೀಪ ಆರಲು ಒಂದು ಗಂಟೆ ಇರುವಾಗ ಎರಡು ಮೂರು ಕಲ್ಲುಗಳನ್ನು ಜಾಗ ಬದಲಿಸಿ. ಹವಳದಿಂದಾಗಿ ಆಗದಿದ್ದರೆ ಪುಂಡ ಮಲಗುವ ಸಂದಿಯ ಬಾಯಿಗೆ ಒಂದು ಬಿಡಿಗಲ್ಲು ಇಟ್ಟರೂ ಆಯಿತು. ಅದು ತನ್ನ ಮನೆ ಹುಡುಕುವ ಗಡಿಬಿಡಿಯಲ್ಲಿರುತ್ತದೆ.
2. ಹಳೆಯ ಮೀನುಗಳಿಗೆ ಹೊಟ್ಟೆ ತುಂಬ ಆಹಾರ ಹಾಕಿ. ಟ್ಯಾಂಗ್ ಇದ್ದರೆ ಟ್ಯಾಂಕಿನ ಎರಡು ತುದಿಯಲ್ಲಿ ಎರಡು ಕ್ಲಿಪ್ಪಿಗೆ ನೋರಿ (ಒಣಗಿಸಿದ ಕಡಲಪಾಚಿ) ಹಾಳೆ ಸಿಕ್ಕಿಸಿ. ಒಂದೇ ಕ್ಲಿಪ್ ಹಾಕಿದರೆ ಅದನ್ನೂ ಒಬ್ಬ ಕಾಯುತ್ತಾನೆ.
3. ದೀಪ ಆರಿಸಿ. ಅರ್ಧ ಗಂಟೆಯ ನಂತರ ಪೆಟ್ಟಿಗೆಯನ್ನು ಕಲ್ಲಿನ ಮಗ್ಗುಲಿಗೆ ಇಳಿಸಿ ಬಾಗಿಲು ತೆರೆಯಿರಿ. ಮೀನು ತಾನಾಗಿ ಹೊರಗೆ ಬರಲಿ, ಬಲೆ ಬೇಡ, ಅಲುಗಾಡಿಸುವುದೂ ಬೇಡ.
4. ಮರುದಿನ ದೀಪ ಹತ್ತುವಾಗ ನೀವು ಅಲ್ಲಿರಲೇಬೇಕು. ರಾತ್ರಿ ಬಿಟ್ಟು ಬೆಳಿಗ್ಗೆ ಕೆಲಸಕ್ಕೆ ಹೋದವರು ಸಂಜೆ ಬಂದು ನೋಡುವುದು ಹೆಣವನ್ನು. ಮೊದಲ ಒಂದು ಗಂಟೆ ಎಲ್ಲವನ್ನೂ ತೀರ್ಮಾನಿಸುತ್ತದೆ.

ಆ ಒಂದು ಗಂಟೆಯಲ್ಲಿ ಎರಡು ಮೂರು ಸಣ್ಣ ಅಟ್ಟಾಟ ಆದರೆ ಇರಲಿ. ಗಾಯ ಕಂಡರೆ, ಅಥವಾ ಹೊಸದು ಮೂಲೆ ಸೇರಿ 24 ಗಂಟೆ ಏನನ್ನೂ ತಿನ್ನದಿದ್ದರೆ ಪೆಟ್ಟಿಗೆ ಮತ್ತೆ ಇಳಿಯಬೇಕು. ಆದರೆ ಈ ಸಲ ಒಳಗೆ ಹೋಗಬೇಕಾದದ್ದು ಹೊಸದಲ್ಲ, ಪುಂಡ.

ಕನ್ನಡಿಯ ಉಪಾಯವೂ ಕೆಲವು ಕಡೆ ನಡೆಯುತ್ತದೆ. ಹೊಸ ಮೀನನ್ನು ಬಿಟ್ಟದ್ದಕ್ಕೆ ಎದುರು ತುದಿಯಲ್ಲಿ, ಗಾಜಿನ ಹೊರಗೆ ಕನ್ನಡಿ ಒರಗಿಸಿ. ಟ್ಯಾಂಗ್, ಕ್ಲೌನ್ ತನ್ನದೇ ಬಿಂಬದ ಜತೆ ಕಾದಾಡುತ್ತ ಅಲ್ಲೇ ಉಳಿಯುತ್ತವೆ. ದಿನಕ್ಕೆ ಎರಡು ಮೂರು ಗಂಟೆ, ಎರಡು ಮೂರು ದಿನ. ದಿನವಿಡೀ ಇಟ್ಟರೆ ಮೂತಿ ಜಜ್ಜಿಕೊಳ್ಳುತ್ತದೆ, ಇಲ್ಲವೇ ಬಿಂಬ ತಿರುಗಿ ಕಚ್ಚುವುದಿಲ್ಲವೆಂದು ಅರಿತು ಹೊಸಬನ ಕಡೆಗೇ ಹೊರಳುತ್ತದೆ.

ಆಗಲೇ ರಕ್ತ ಹರಿಯುತ್ತಿದ್ದರೆ

ಮೊದಲು ದೀಪ ಆರಿಸಿ. ಕತ್ತಲಲ್ಲಿ ಬಹುತೇಕ ಹಗಲು ಮೀನುಗಳು ಸಂದಿ ಸೇರುತ್ತವೆ, ಯೋಚಿಸಲು ನಿಮಗೆ ಒಂದು ರಾತ್ರಿ ಸಿಗುತ್ತದೆ. ತಾತ್ಕಾಲಿಕವಾಗಿ ಟ್ಯಾಂಕನ್ನು ಎರಡು ಭಾಗ ಮಾಡಲು ಬಲ್ಬಿನ ಬೆಳಕು ಹರಡಲು ಬಳಸುವ ಚೌಕುಳಿ ಪ್ಲಾಸ್ಟಿಕ್ ಹಾಳೆ ಚೆನ್ನ, ಇಕ್ಕಳದಲ್ಲಿ ಅಳತೆಗೆ ಕತ್ತರಿಸಬಹುದು. ಅದರ ಕಿಂಡಿ ಸುಮಾರು 12 ಮಿ.ಮೀ., ಗೋಬಿಯಂಥ ಸಣ್ಣ ಮೀನು ತೂರಿಹೋಗುತ್ತದೆ. ಅವುಗಳಿಗೆ 6 ಮಿ.ಮೀ. ಜಾಲರಿಯನ್ನು ಅದರ ಮೇಲೆ ಕಟ್ಟಿ. ಎರಡೂ ಬದಿಯಲ್ಲಿ ನೀರಿನ ಹರಿವು ಇರುವಂತೆ ನೋಡಿಕೊಳ್ಳಿ.

ಪುಂಡನನ್ನು ಹಿಡಿಯಲು ಬಲೆ ಹಿಡಿದು ಬೆನ್ನಟ್ಟುವುದು ಸಮಯ ಹಾಳು. ಹವಳ ಮುರಿಯುತ್ತದೆ, ಎಲ್ಲ ಮೀನೂ ಹೆದರುತ್ತವೆ, ಪುಂಡ ಮಾತ್ರ ಸಿಗುವುದಿಲ್ಲ. ಬೋನು ಹಾಕಿ. ಎಳೆದರೆ ಬೀಳುವ ಬಾಗಿಲಿನ ಅಕ್ರಿಲಿಕ್ ಬೋನನ್ನು ಬಾಗಿಲು ತೆರೆದು ಮರಳಿನ ಮೇಲೆ ಇಡಿ. ಮೂರು ದಿನ ಆಹಾರವನ್ನು ಆ ಬೋನಿನಲ್ಲಿ ಬಿಟ್ಟು ಬೇರೆಲ್ಲೂ ಹಾಕಬೇಡಿ. ಮೊದಲ ದಿನ ಯಾವುದೂ ಒಳಗೆ ಹೋಗುವುದಿಲ್ಲ. ಎರಡನೆಯ ದಿನ ಧೈರ್ಯವಂತರು ತಲೆ ಹಾಕುತ್ತಾರೆ. ಪುಂಡತನಕ್ಕೂ ಹೊಟ್ಟೆಬಾಕತನಕ್ಕೂ ದೂರವಿಲ್ಲ. ಉಳಿದವನ್ನು ಅಟ್ಟಿ ತಾನೇ ಮೊದಲು ನುಗ್ಗುವುದು ಹೆಚ್ಚಾಗಿ ನಿಮಗೆ ಬೇಕಾದ ಮೀನೇ. ದಾರದ ತುದಿ ಹಿಡಿದು ಎರಡು ಮೀಟರ್ ದೂರ ಕುಳಿತಿರಿ. ಬಾಲವೂ ಬಾಗಿಲು ದಾಟಿದ ಮೇಲೆ ಎಳೆಯಿರಿ. ಬೇರೆ ಮೀನು ಒಳಗಿದ್ದಾಗ ಎಳೆದರೆ, ಅಥವಾ ಎಳೆದು ತಪ್ಪಿದರೆ, ಪುಂಡ ಒಂದು ವಾರ ಬೋನಿನ ಹತ್ತಿರ ಸುಳಿಯುವುದಿಲ್ಲ.

ಟ್ಯಾಂಗನ್ನು ನೂಲಿನ ಬಲೆಯಲ್ಲಿ ಎತ್ತಬೇಡಿ. ಬಾಲದ ಮುಳ್ಳು ನೂಲಿಗೆ ಸಿಕ್ಕಿ ಮೀನಿಗೂ ನಿಮಗೂ ಗಾಯ. ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿನ ಸಮೇತ ಎತ್ತಿ. ಫಾಕ್ಸ್‌ಫೇಸ್, ಲಯನ್‌ಫಿಶ್‌ಗಳ ಬೆನ್ನುಮುಳ್ಳಿನಲ್ಲಿ ವಿಷವಿದೆ. ಚುಚ್ಚಿದರೆ ಆ ಭಾಗವನ್ನು ಸಹಿಸುವಷ್ಟು ಬಿಸಿಯ, 45 ಡಿಗ್ರಿಗೆ ಮೀರದ ನೀರಿನಲ್ಲಿ 30ರಿಂದ 90 ನಿಮಿಷ ಅದ್ದಿ ವೈದ್ಯರ ಬಳಿ ಹೋಗಿ.

ಹಿಡಿದ ಪುಂಡನಿಗೆ 7ರಿಂದ 14 ದಿನ ಸೆರೆವಾಸ. ಸಂಪಿನಲ್ಲಿ (ಟ್ಯಾಂಕಿನ ಕೆಳಗಿರುವ, ಅದೇ ನೀರು ಹರಿದುಬರುವ ಫಿಲ್ಟರ್ ತೊಟ್ಟಿಯಲ್ಲಿ) ಜಾಗವಿದ್ದರೆ ಅದೇ ಅನುಕೂಲ, ನೀರು ಒಂದೇ ಆದ್ದರಿಂದ ಹೊಂದಿಸುವ ತಲೆನೋವಿಲ್ಲ. ಪಂಪಿನ ಬಾಯಿಗೆ ಜಾಲರಿ ಕಟ್ಟುವುದನ್ನು ಮರೆಯಬೇಡಿ. ಟ್ಯಾಂಕಿನಲ್ಲೇ ಪೆಟ್ಟಿಗೆಯಲ್ಲಿ ಇಡುವುದಕ್ಕಿಂತ ಕಣ್ಮರೆಯಾಗಿ ಇಡುವುದು ಪರಿಣಾಮಕಾರಿ, ಏಕೆಂದರೆ ಪೆಟ್ಟಿಗೆಯೊಳಗಿಂದಲೂ ಅದು ತನ್ನ ರಾಜ್ಯವನ್ನು ನೋಡುತ್ತಲೇ ಇರುತ್ತದೆ. ಈ ಅವಧಿಯಲ್ಲಿ ಹೊಸ ಮೀನು ಓಡಾಡಿ, ತಿಂದು, ಮಲಗುವ ಸಂದಿ ಹಿಡಿಯುತ್ತದೆ. ವಾಪಸು ಬರುವಾಗ ಪುಂಡನೇ ಹೊಸಬ. ಅದಕ್ಕೂ ಪೆಟ್ಟಿಗೆ, ಅದಕ್ಕೂ ಕಲ್ಲು ಬದಲಾವಣೆ, ಅದಕ್ಕೂ ಕತ್ತಲಲ್ಲಿ ಬಿಡುಗಡೆ. ನಾಲ್ಕೇ ದಿನಕ್ಕೆ ಕನಿಕರಪಟ್ಟು ಬಿಟ್ಟರೆ ಎಲ್ಲ ಮೊದಲಿನಿಂದ.

ಒಮ್ಮೆ ಸೆರೆ ಮುಗಿಸಿ ಬಂದು ಮತ್ತೆ ಕಚ್ಚಿದರೆ ಎರಡನೆಯ ಬಾರಿ ಪ್ರಯತ್ನಿಸುವುದರಲ್ಲಿ ಅರ್ಥವಿದೆ, ಮೂರನೆಯದರಲ್ಲಿ ಇಲ್ಲ. ಬೆಳೆದ ಅಂಡುಲೇಟೆಡ್ ಟ್ರಿಗರ್, ಹೆಣ್ಣು ಮರೂನ್ ಕ್ಲೌನ್, ದೊಡ್ಡ ಡಾಮಿನೊ ಡ್ಯಾಮ್ಸೆಲ್ ಇಂಥವಕ್ಕೆ ಸುಧಾರಣೆಯ ಮಾತು ನಾಟುವುದಿಲ್ಲ. ಬೇರೆ ಟ್ಯಾಂಕ್ ಅಥವಾ ಬೇರೆಯವರ ಮನೆ, ಎರಡರಲ್ಲಿ ಒಂದು. ಸಮುದ್ರಕ್ಕೆ ಬಿಡುವುದು ಮಾತ್ರ ಎಂದೂ ಕೂಡದು. ಫ್ಲೋರಿಡಾದ ಕಡಲಲ್ಲಿ 1985ರಲ್ಲಿ ಮೊದಲು ಕಂಡ, ಆ ನೀರಿನದಲ್ಲದ ಲಯನ್‌ಫಿಶ್ ಈಗ ಪಶ್ಚಿಮ ಅಟ್ಲಾಂಟಿಕ್ ಮತ್ತು ಕೆರಿಬಿಯನ್ ತುಂಬ ಹರಡಿ ಅಲ್ಲಿನ ಸಣ್ಣ ಮೀನುಗಳನ್ನು ತಿಂದುಹಾಕುತ್ತಿದೆ.

ಪೆಟ್ಟು ತಿಂದ ಮೀನಿನ ಆರೈಕೆ

ಪೆಟ್ಟು ತಿಂದದ್ದಕ್ಕೆ ಬೇರೆ ಆಸ್ಪತ್ರೆ ಟ್ಯಾಂಕ್ ಬೇಕು: 40 ಲೀಟರಿನ ಬರಿದಾದ ಟ್ಯಾಂಕ್, ಮುಖ್ಯ ಟ್ಯಾಂಕಿನ ಸಂಪಿನಲ್ಲಿ ಮೊದಲೇ ನೆನೆಸಿಟ್ಟ ಸ್ಪಂಜ್ ಫಿಲ್ಟರ್, ಹೀಟರ್, ಎರಡು ಪಿವಿಸಿ ತುಂಡು, ಮಂದ ಬೆಳಕು. ನೀರನ್ನು ಮುಖ್ಯ ಟ್ಯಾಂಕಿನಿಂದಲೇ ತುಂಬಿ. ಅಮೋನಿಯಾವನ್ನು ದಿನಾ ನೋಡಿ. ರೆಕ್ಕೆಯ ಬುಡ ಉಳಿದಿದ್ದರೆ ಹರಿದ ರೆಕ್ಕೆ ಕೆಲವು ವಾರಗಳಲ್ಲಿ ಮತ್ತೆ ಬೆಳೆಯುತ್ತದೆ, ಮೊದಲು ಬಣ್ಣವಿಲ್ಲದ ತೆಳು ಪೊರೆಯಾಗಿ, ಆಮೇಲೆ ಬಣ್ಣ ತುಂಬಿ. ಗಾಯಕ್ಕೆ ತಾಮ್ರದ ಔಷಧ ಹಾಕಬೇಡಿ, ಅದು ಪರಾವಲಂಬಿಗಳಿಗೆ. ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ಕಣ್ಣು ಮಂಜಾದರೆ ಬ್ಯಾಕ್ಟೀರಿಯಾ ಸೇರಿದೆ ಎಂದರ್ಥ, ಆಗ ಪ್ರತಿಜೀವಕ ಬೇಕಾಗುತ್ತದೆ. ಅದನ್ನು ಆಸ್ಪತ್ರೆ ಟ್ಯಾಂಕಿನಲ್ಲೇ, ಮತ್ಸ್ಯವೈದ್ಯರ ಅಳತೆಯಲ್ಲೇ ಕೊಡಿ.

ಬೆದರಿದ ಮೀನಿನಲ್ಲಿ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಜಗಳದ ಹತ್ತು ದಿನದ ನಂತರ ಮೈಮೇಲೆ ಉಪ್ಪು ಚೆಲ್ಲಿದಂತೆ ಬಿಳಿಚುಕ್ಕೆ ಎದ್ದರೆ ಆಶ್ಚರ್ಯವಿಲ್ಲ. ಪುಂಡನನ್ನು ಹಾಗೇ ಬಿಟ್ಟು ಚುಕ್ಕೆಗೆ ಮಾತ್ರ ಔಷಧ ಮಾಡಿದರೆ ಅದು ಮತ್ತೆ ಬರುತ್ತದೆ.

ಶಾಂತವಾಗಿದ್ದ ಟ್ಯಾಂಕ್ ಇದ್ದಕ್ಕಿದ್ದಂತೆ ಕೆರಳಿದರೆ

ವರ್ಷಗಟ್ಟಲೆ ಜಗಳವಿಲ್ಲದೆ ಇದ್ದು ಒಂದು ದಿನ ಶುರುವಾದರೆ ಬದಲಾದದ್ದು ಏನು ಎಂದು ನೋಡಿ. ಆಹಾರ ಹಾಕುವ ಯಂತ್ರ ಕೆಟ್ಟಿರಬಹುದು. ಮರಿಯಾಗಿ ತಂದದ್ದು ಪ್ರಾಯಕ್ಕೆ ಬಂದಿರಬಹುದು. ಗುಂಪಿನ ಗಂಡು ಆಂಥಿಯಾಸ್ ಸತ್ತು, ಆ ಪಟ್ಟಕ್ಕೆ ಇಬ್ಬರು ಹೆಣ್ಣುಗಳು ಪೈಪೋಟಿಗೆ ಬಿದ್ದಿರಬಹುದು. ದಿನಕ್ಕೊಂದು ದೊಡ್ಡ ಊಟದ ಬದಲು ಮೂರು ಸಣ್ಣ ಊಟ ಹಾಕಿದರೆ ಇದರಲ್ಲಿ ಎಷ್ಟೋ ತಣ್ಣಗಾಗುತ್ತದೆ; ಒಟ್ಟು ಅಳತೆ ಹೆಚ್ಚಿಸಬೇಡಿ, ನೈಟ್ರೇಟ್ ಏರುತ್ತದೆ. ಟ್ಯಾಂಕಿನ ಮೇಲೆ 6 ಮಿ.ಮೀ. ಜಾಲರಿಯ ಮುಚ್ಚಳ ಇರಲೇಬೇಕು. ಫೈರ್‌ಫಿಶ್, ರ‍್ಯಾಸ್ ಕಳೆದುಹೋದವು ಎಂದರೆ ತಿಂದದ್ದು ಯಾರು ಎಂದು ಟ್ಯಾಂಕಿನಲ್ಲಿ ಹುಡುಕುವ ಮೊದಲು ಸ್ಟ್ಯಾಂಡಿನ ಹಿಂದಿನ ನೆಲ ನೋಡಿ.

ಇನ್ನೊಂದು ಕಾರಣ ಮೊಟ್ಟೆ. ಕ್ಲೌನ್ ಜೋಡಿ ಕಲ್ಲಿನ ಮೇಲೆ ಕಿತ್ತಳೆ ಬಣ್ಣದ ಮೊಟ್ಟೆ ಇಟ್ಟರೆ ಅವು ಒಡೆಯುವ ತನಕ, ಅಂದರೆ ಆರರಿಂದ ಹತ್ತು ದಿನ, ಹತ್ತಿರ ಸುಳಿದವರಿಗೆಲ್ಲ ಕಚ್ಚುತ್ತವೆ. ಇದಕ್ಕೆ ಪೆಟ್ಟಿಗೆ, ಕನ್ನಡಿ, ಸೆರೆ ಯಾವುದೂ ಬೇಡ. ಉಳಿದ ಮೀನುಗಳಿಗೆ ಟ್ಯಾಂಕಿನ ಇನ್ನೊಂದು ತುದಿಯಲ್ಲಿ ಆಹಾರ ಹಾಕಿ. ಹೆಣ್ಣು ನಿಮ್ಮ ಬೆರಳನ್ನೂ ಬಿಡುವುದಿಲ್ಲ, ಆ ಮೂಲೆಯ ಗಾಜಿನ ಪಾಚಿ ಹತ್ತು ದಿನ ಹಾಗೇ ಇರಲಿ.